ಚಿಂದಿಯ ಋಣ

ಸರಸ್ವತಿಯ ಭಂಡಾರದಲ್ಲಿ ಚಿಂದಿಗೂ ಒಂದು ಪಾಲುಂಟು ಎಂದರೆ ಓದುಗರು ನಕ್ಕಾರು. ಆದರೆ ಕಾಗದದ ಚರಿತ್ರೆಯನ್ನು ಕೊಂಚ ಕೆದಕಿ ನೋಡಿದವರಿಗೆ ಇದು ನಗೆಯ ಮಾತಲ್ಲವೆಂಬುದು ತಿಳಿದೇ ತಿಳಿಯುತ್ತದೆ.

ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಅರಿಕೆ ಮಾಡಿದನೆಂದು ಅಲ್ಲಿನ ಇತಿಹಾಸ ಹೇಳುತ್ತದೆ. ಅವನು ಬಳಸಿದ ಸಾಮಗ್ರಿಗಳೇನು? ಮರದ ತೊಗಟೆ, ಸೆಣಬು, ಹಳೆಯ ಬಟ್ಟೆ, ಹರಿದ ಮೀನುಬಲೆ! ಈ ವಿದ್ಯೆ ಅರಬರ ಮೂಲಕ ಯೂರೋಪಿಗೆ ಹೋದಾಗ ಅಲ್ಲಿ ಚಿಂದಿಯೇ ಮುಖ್ಯ ಸಾಮಗ್ರಿಯಾಯಿತು. ಉಟ್ಟು ಸವೆದ ನಾರುಬಟ್ಟೆಯನ್ನು ಆಯ್ದು, ನೆನೆಹಾಕಿ, ಕುಟ್ಟಿ ಗಂಜಿಯಂತೆ ಮಾಡಿ, ಜಾಲರಿಯ ಚೌಕಟ್ಟಿನಲ್ಲಿ ಎತ್ತಿ ಒಣಗಿಸಿದರೆ ಹಾಳೆ ಸಿದ್ಧ. ಗುಟೆನ್‌ಬರ್ಗ್ 1455ರ ಸುಮಾರಿಗೆ ಅಚ್ಚುಹಾಕಿದ ಬೈಬಲಿನ ಕಾಗದದ ಪ್ರತಿಗಳೂ ಇಂಥ ಹಾಳೆಯವೇ. ನಮ್ಮ ದೇಶದಲ್ಲಿ ಕಾಗದ ಮಾಡುವ ಕಸಬಿನವರೂ ಹಳೆಯ ಗೋಣಿ, ಹಗ್ಗ, ಬಟ್ಟೆ, ರದ್ದಿಗಳನ್ನೇ ಕುಟ್ಟುತ್ತಿದ್ದರು.

ಅಚ್ಚಿನ ಕೆಲಸ ಬೆಳೆದಂತೆ ಚಿಂದಿಗೆ ಬರ ಬಂದಿತು. ಯೂರೋಪಿನ ಹಲವು ರಾಜ್ಯಗಳು ಚಿಂದಿಯನ್ನು ಹೊರದೇಶಗಳಿಗೆ ಸಾಗಿಸಕೂಡದೆಂದು ಕಟ್ಟಳೆ ಮಾಡಿದವು. ಮನೆಮನೆಗೂ ತಿರುಗಿ ಹರುಕು ಬಟ್ಟೆ ಕೊಳ್ಳುವವನಿಲ್ಲದೆ ವಿದ್ವಾಂಸನ ಗ್ರಂಥ ಹೊರಬರುವಂತಿರಲಿಲ್ಲ. ಬಳಸಿದ ಕಾಗದದ ಮಸಿ ತೆಗೆದು ಮತ್ತೆ ಕಾಗದ ಮಾಡುವ ವಿಧಾನಕ್ಕೆ ಲಂಡನ್ನಿನಲ್ಲಿ ಮಥಾಯಸ್ ಕೂಪ್ಸ್ ಎಂಬವನು 1800ರಲ್ಲಿ ಹಕ್ಕುಪತ್ರ ಪಡೆದ. ಅವನ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಮುಳುಗಿತು. ವಿಚಾರ ಮಾತ್ರ ಉಳಿಯಿತು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹುಟ್ಟಿದಾಗ ಮರದ ತಿರುಳಿನ ಕಾಗದ ಇನ್ನೂ ಪೇಟೆಗೆ ಬಂದಿರಲಿಲ್ಲ. ಮರುವರ್ಷ, 1844ರಲ್ಲಿ, ಜರ್ಮನಿಯ ಸ್ಯಾಕ್ಸನಿಯ ಕೆಲ್ಲರ್ ಎಂಬವನು ಮರವನ್ನು ಅರೆದು ಕಾಗದಕ್ಕೆ ಬೇಕಾದ ತಿರುಳನ್ನು ತೆಗೆದ. ಮುಂದಿನ ಕೆಲವು ದಶಕಗಳಲ್ಲಿ ಕಾಗದ ಅಗ್ಗವಾಯಿತು. ಪತ್ರಿಕೆ ಬಡವನ ಕೈಗೂ ಬಂದಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದೇ ಹೊತ್ತಿಗೆ ಚಿಂದಿ ಬೆಲೆ ಕಳೆದುಕೊಂಡು ಕಸವಾಯಿತು, ಅದನ್ನು ಆಯುವವನೂ ಸಮಾಜದ ಕಣ್ಣಿನಲ್ಲಿ ಹಗುರವಾದ.

ಇದರ ಇನ್ನೊಂದು ನಷ್ಟವನ್ನು ನನ್ನಂಥ ಕನ್ನಡ ಮೇಷ್ಟರು ದಿನವೂ ಕಾಣುತ್ತೇವೆ. ನೂರು ವರ್ಷವೂ ತುಂಬದ ಪತ್ರಿಕೆಗಳ ಸಂಪುಟವನ್ನು ಗ್ರಂಥಾಲಯದಲ್ಲಿ ತೆರೆದರೆ ಹಾಳೆಯ ಅಂಚು ಹಪ್ಪಳದಂತೆ ಮುರಿದು ಮಡಿಲಿಗೆ ಉದುರುತ್ತದೆ. ಅರೆದ ಮರದಲ್ಲಿ ಉಳಿಯುವ ಲಿಗ್ನಿನ್ ಎಂಬ ಅಂಶ, ಮಸಿ ಹರಡದಿರಲೆಂದು ಸೇರಿಸುತ್ತಿದ್ದ ಪಟಿಕ, ಇವುಗಳಿಂದ ಹುಟ್ಟುವ ಆಮ್ಲ ಹಾಳೆಯನ್ನು ಒಳಗಿನಿಂದಲೇ ತಿನ್ನುತ್ತದೆ. ಗುಟೆನ್‌ಬರ್ಗನ ಕಾಲದ ಚಿಂದಿಯ ಹಾಳೆಗಳಾದರೋ ಐದು ಶತಮಾನ ದಾಟಿಯೂ ಗಟ್ಟಿಯಾಗಿವೆ. ಸವೆದ ಅಂಗಿಯಿಂದಾದ ಹಾಳೆ ಬಾಳಿತು, ನಿಂತ ಮರವನ್ನು ಕಡಿದು ಮಾಡಿದ್ದು ಪುಡಿಯಾಯಿತು!

ನಮ್ಮ ರೂಪಾಯಿ ನೋಟಿನ ಕಾಗದ ಇಂದಿಗೂ ಹತ್ತಿಯದೇ. ಅದನ್ನು ತಯಾರಿಸುವ ಕಾರ್ಖಾನೆಯೊಂದು ನಮ್ಮ ಮೈಸೂರಿನಲ್ಲೇ ಇದೆ. ಹಣಕ್ಕೆ ಹತ್ತಿ, ಅಕ್ಷರಕ್ಕೆ ಮರ! ಯಾವುದು ಬಾಳಬೇಕೆಂದು ನಾವು ಬಗೆದಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಳೆಯ ಕಾಲಕ್ಕೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಇಂದಿನ ನಮ್ಮ ಬಟ್ಟೆಗಳಲ್ಲಿ ಪಾಲಿಯೆಸ್ಟರು ಬೆರೆತಿರುವುದರಿಂದ ಎಲ್ಲ ಚಿಂದಿಯೂ ಕಾಗದವಾಗಲಾರದು. ಆದರೂ ನಮ್ಮ ಮನೆಯ ರದ್ದಿ ಇಂದಿಗೂ ಗಿರಣಿ ಸೇರಿ ಮತ್ತೆ ಕಾಗದವೂ ರಟ್ಟೂ ಆಗುತ್ತದೆ. ಕೂಪ್ಸನ ಕನಸು ಸುಳ್ಳಾಗಲಿಲ್ಲ. ಹಳತನ್ನು ಎಸೆಯುವ ಮುನ್ನ ಅದಕ್ಕೆ ಇನ್ನೊಂದು ಜನ್ಮ ಉಂಟೇ ಎಂದು ಒಂದು ಗಳಿಗೆ ಯೋಚಿಸುವುದು, ಚೀಲ ಹೊತ್ತು ಬಾಗಿಲಿಗೆ ಬಂದವನನ್ನು ಗೌರವದಿಂದ ಮಾತನಾಡಿಸುವುದು, ಅಕ್ಷರ ಕಲಿತವರು ಚಿಂದಿಗೆ ಸಲ್ಲಿಸಬೇಕಾದ ಋಣವೆಂದು ನನ್ನ ನಂಬಿಕೆ.