ಕರಿಕೆಯ ಚರಿತ್ರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಕೇಳುಗರಿಗೆ ಆದಿಲ್‌ಶಾಹಿ ಸುಲ್ತಾನರೋ ಬಸವಣ್ಣನವರೋ ನೆನಪಿಗೆ ಬರುವುದು ಸಹಜ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಆ ನೆಲದ ಹುಲ್ಲಿನ ಚರಿತ್ರೆಯನ್ನು. ಅರಸುಮನೆತನಗಳು ಬಂದುಹೋದುವು, ಹುಲ್ಲು ಉಳಿದಿದೆ. ಮೈಸೂರಿನವರು ಗರಿಕೆಯೆಂದು ಕರೆಯುವುದನ್ನೇ ಅಲ್ಲಿಯವರು ಕರಿಕೆಯೆನ್ನುತ್ತಾರೆ. ಮನೆಯ ಮುಂದೆ ನಾಲ್ಕು ಮಡಿ ಸೇವಂತಿಗೆಯನ್ನು ಹಾಕಿಕೊಂಡವರಿಗೆಲ್ಲ ಇದು ಪರಿಚಿತವಾದ ಶತ್ರು.

ಈ ನಾಲ್ಕು ತಾಲೂಕುಗಳಲ್ಲಿ ಬಹುಮಟ್ಟಿಗೆ ಎರೆಭೂಮಿ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ನಂಬತಕ್ಕದ್ದಲ್ಲ. ಹಿಂಗಾರಿನ ಜೋಳವು ನೆಲದೊಳಗೆ ಕೂಡಿಟ್ಟ ತೇವದಿಂದಲೇ ಬದುಕಬೇಕು. ಆದುದರಿಂದ ಅಲ್ಲಿಯ ರೈತನಿಗೆ ಕಳೆಯೆಂದರೆ ತನ್ನ ನೀರನ್ನು ಕದಿಯುವ ಕಳ್ಳ. ಕೂರಿಗೆಯಿಂದ ಸಾಲುಹಿಡಿದು ಬಿತ್ತುವುದು, ಬಳಿಕ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು: ಇವೆರಡೂ ಒಂದೇ ಯೋಚನೆಯ ಎರಡು ಭಾಗಗಳು. ಕುಂಟೆಯ ಅಲಗು ಹುಲ್ಲನ್ನು ಬೇರಿನ ಮಟ್ಟದಲ್ಲಿ ಕತ್ತರಿಸುತ್ತದೆ, ಮೇಲ್ಮಣ್ಣನ್ನು ಸಡಿಲಮಾಡಿ ಬಿರುಕುಗಳನ್ನೂ ಮುಚ್ಚುತ್ತದೆ. 1933ರಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವು ಏರ್ಪಟ್ಟಾಗ ವಿಜ್ಞಾನವು ಕೈಗೆತ್ತಿಕೊಂಡುದು ತೇವ ಕಾಯುವ ಈ ಹಳೆಯ ಪ್ರಶ್ನೆಯನ್ನೇ.

ಕುಂಟೆ ನಿಂತರೆ ಏನಾಗುವುದು? 1876-78ರ ಬರಗಾಲವು ಇದಕ್ಕೆ ಉತ್ತರ. ಆಗ ಕಲಾದಗಿ ಎಂಬ ಹೆಸರಿದ್ದ ಈ ಜಿಲ್ಲೆಯಲ್ಲಿ 1872ರಲ್ಲಿ 8 ಲಕ್ಷ ಮೀರಿದ್ದ ಜನಸಂಖ್ಯೆಯು 1881ರ ಗಣತಿಗೆ ಸುಮಾರು 6 ಲಕ್ಷ 40 ಸಾವಿರಕ್ಕೆ ಇಳಿದಿತ್ತು. ಜನರೊಡನೆ ಎತ್ತುಗಳೂ ಹೋದುವು. ಉಳುವವನಿಲ್ಲದ ಎರೆಹೊಲದಲ್ಲಿ ಕರಿಕೆಯೂ, ದಖ್ಖಣದವರು ಕುಂದವೆಂದು ಕರೆಯುವ ಇನ್ನೂ ಆಳಬೇರಿನ ಹುಲ್ಲೂ ಹೊಕ್ಕರೆ ಅದನ್ನು ಹಸನುಮಾಡಲು ಒಂದು ಜೋಡಿ ಎತ್ತು ಸಾಲದು. ದೊಡ್ಡ ನೇಗಿಲಿಗೆ ಹಲವು ಜೋಡಿಗಳನ್ನು ಹೂಡಬೇಕು. ಬರದಿಂದ ಬದುಕಿ ಬಂದವನಲ್ಲಿ ಇದ್ದುದು ಎಷ್ಟು ಜೋಡಿ? ನಮಗೆ ಹೂದೋಟದ ಕಿರುಕುಳವಾಗಿ ಕಾಣುವ ಹುಲ್ಲು ಅವನ ಹೊಲವನ್ನೇ ಕೈಬಿಡಿಸಬಲ್ಲುದಾಗಿತ್ತು.

ಈಗ ಶತ್ರುವಿನ ಗುರುತು. ಕರಿಕೆಯ ಬಳ್ಳಿ ನೆಲದ ಮೇಲೂ ಹರಿಯುತ್ತದೆ, ಒಳಗೂ ಹರಿಯುತ್ತದೆ. ಗೆಣ್ಣು ಗೆಣ್ಣಿಗೂ ಬೇರು. ತುದಿಯಲ್ಲಿ ಮೂರರಿಂದ ಆರು ಸಣ್ಣ ಕದಿರುಗಳು ಬೆರಳುಗಳಂತೆ ಒಂದೇ ಬಿಂದುವಿನಿಂದ ಹರಡಿರುತ್ತವೆ. ವೇದದ ದೂರ್ವಾಸ್ತುತಿಯು ಕೊಂಡಾಡುವುದು ಈ ಗೆಣ್ಣಿನ ಗುಣವನ್ನೇ! ಗಣಪತಿಗೆ ಪ್ರಿಯವಾದುದು ಮಾಲಿಗೆ ಪ್ರಾಣಸಂಕಟ. ಜೇಕು ನೋಡಲು ಹುಲ್ಲಿನಂತಿದ್ದರೂ ಹುಲ್ಲಿನ ಜಾತಿಯದಲ್ಲ. ಅದರ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿರಿ, ಮೂರು ಅಂಚುಗಳು ತಗಲುತ್ತವೆ; ನಿಜವಾದ ಹುಲ್ಲಿನ ದಂಟು ದುಂಡಗೋ ಚಪ್ಪಟೆಯಾಗಿಯೋ ಇರುತ್ತದೆ. ನೆಲದೊಳಗೆ ಅದರ ಗಡ್ಡೆಗಳು ಸರಪಳಿಯಂತೆ ಪೋಣಿಸಿಕೊಂಡಿರುತ್ತವೆ. ವೈದ್ಯರ ಭದ್ರಮುಷ್ಟಿಯೂ ಸುಗಂಧಕಾರರ ಮುಸ್ತೆಯೂ ಇದೇ. 1977ರಲ್ಲಿ ಹೋಮ್ ಮತ್ತು ಸಂಗಡಿಗರು ಪ್ರಪಂಚದ ದುಷ್ಟ ಕಳೆಗಳನ್ನು ಕುರಿತು ಬರೆದ ಗ್ರಂಥದಲ್ಲಿ ಮೊದಲನೆಯ ಸ್ಥಾನ ಜೇಕಿಗೆ, ಎರಡನೆಯದು ಕರಿಕೆಗೆ. ಉಳಿದ ವಾರ್ಷಿಕ ಹುಲ್ಲುಗಳು ಬೀಜದಿಂದ ಮಾತ್ರ ಬರುತ್ತವೆ. ಕದಿರು ಒಡೆಯುವ ಮುನ್ನ ಕಿತ್ತರೆ ಅವುಗಳ ಕಥೆ ಮುಗಿಯಿತು.

ನೀರು ಬಂದಮೇಲೆ ಈ ಚರಿತ್ರೆಯ ದಿಕ್ಕು ಬದಲಾಯಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲನ್ನಿಟ್ಟರು. ಅದು ಆಗಿನ ಬಾಗೇವಾಡಿ ತಾಲೂಕಿನಲ್ಲಿತ್ತು. ಇಂದು ಅಲ್ಲಿ ಮೊಘಲ್ ಮಾದರಿಯ ಉದ್ಯಾನವೂ ಹೂಮಡಿಗಳೂ ಇವೆ. ಇಂಡಿಯ ನಿಂಬೆತೋಟಗಳು ಪ್ರಸಿದ್ಧವಾದುವು. ಕೃಷ್ಣೆಯ ಕಾಲುವೆಯು ಹೂವಿಗೆ ತರುವ ತೇವವನ್ನು ಜೇಕಿಗೂ ತರುತ್ತದೆ; ಭೇದವನ್ನೆಣಿಸುವುದಿಲ್ಲ. ಅದಲ್ಲದೆ ಹೂಮಡಿಯಲ್ಲಿ ಕುಂಟೆ ಆಡುವಂತಿಲ್ಲ.

ಆಗ ಮಾಲಿಯು ಸಾಮಾನ್ಯವಾಗಿ ಮಾಡುವುದು ಗುದ್ದಲಿಯಿಂದ ಕಡಿಯುವುದು. ಇದಕ್ಕಿಂತ ಕೆಟ್ಟ ಉಪಾಯವಿಲ್ಲವೆಂದು ನನ್ನ ಅಭಿಪ್ರಾಯ. ಕರಿಕೆಯ ಒಂದು ಬಳ್ಳಿಯನ್ನು ಹತ್ತು ತುಂಡು ಮಾಡಿದರೆ ಹತ್ತು ಗಿಡಗಳು. ನೆಡುವ ಮೊದಲೇ, ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ, ಮಡಿಯನ್ನು ಒಂದಡಿ ಆಳ ಅಗೆದು, ಬೇರುಬಳ್ಳಿಗಳನ್ನು ತುಂಡರಿಸದೆ ಹಾರೆಯಿಂದ ಎಬ್ಬಿಸಿ ಆರಿಸಬೇಕು. ಉಳಿದುವು ಒಣಗುವಂತೆ ಹೆಂಟೆಗಳನ್ನು ಒಂದೆರಡು ವಾರ ಹಾಗೆಯೇ ಬಿಡಬೇಕು. ಎರೆರೈತನ ಬೇಸಗೆ ಉಳುಮೆಯ ಮರ್ಮವೂ ಇದೇ. ಆಮೇಲೆ ಮಣ್ಣನ್ನು ನೆನೆಸಿ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಮಣ್ಣಿನ ಬೀಜಗಳು ಬಹುಪಾಲು ಸಾಯುತ್ತವೆ. ಆಳದ ಜೇಕಿನ ಗಡ್ಡೆಗಳು ಅದಕ್ಕೂ ಮಣಿಯವು. ಚಿಗುರಿದ ಎರಡು ಮೂರು ವಾರಗಳೊಳಗೆ, ಹೊಸ ಗಡ್ಡೆ ಕಟ್ಟುವ ಮುನ್ನ, ಮತ್ತೆ ಮತ್ತೆ ಕೀಳುತ್ತಿದ್ದರೆ ಕೂಡಿಟ್ಟ ಆಹಾರ ಸವೆದು ಅವು ಸೋಲುತ್ತವೆ. ಇದಕ್ಕೆ ಒಂದೆರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. 1974ರಲ್ಲಿ ಪೇಟೆಗೆ ಬಂದ ಗ್ಲೈಫೊಸೇಟ್ ಬೇರಿನವರೆಗೂ ಇಳಿಯುವುದು ನಿಜ. ಆದರೆ ಗಾಳಿಗೆ ಹಾರಿದ ಹನಿಯು ಸೇವಂತಿಗೆಯನ್ನೂ ಬಿಡದು.

ಕರಿಕೆಗೆ ಬಿಸಿಲು ಬೇಕು, ನೆರಳು ಅದನ್ನು ಬಳಲಿಸುತ್ತದೆ. ಹೂಗಿಡಗಳನ್ನು ಒತ್ತಾಗಿ ನೆಟ್ಟು, ನಡುವೆ ಒಣ ಎಲೆಯನ್ನು ನಾಲ್ಕು ಅಂಗುಲ ಹಾಸುವುದು ಮೇಲು. ಹಸುರುಹಾಸಿಗೂ ಮಡಿಗೂ ನಡುವೆ ಒಂದು ಗೇಣಿನ ಚರಂಡಿಯನ್ನು ತೋಡಿ, ದಾಟಲೆತ್ನಿಸುವ ಬಳ್ಳಿಯನ್ನು ವಾರಕ್ಕೊಮ್ಮೆ ಕೊಯ್ಯಬೇಕು. ಕೊಂಡುತಂದ ಸಸಿಯ ಕುಂಡವನ್ನು ಬಗ್ಗಿಸಿ ಮಣ್ಣನ್ನು ನೋಡಿರಿ: ಜೇಕಿನ ಗಡ್ಡೆ ಎಷ್ಟೋ ವೇಳೆ ಹೊಸ ತೋಟವನ್ನು ಹೊಗುವುದು ಆ ಹೆಬ್ಬಾಗಿಲಿನಿಂದ.