ಲಿಜ್ಜತ್ ಮೊಲ, ತಾತ್ಯಾ ವಿಂಚು ಗೊಂಬೆಗಳ ಹಿಂದಿನ ಕೈ: ಯಾರು ಈ ರಾಮದಾಸ್ ಪಾಧ್ಯೆ?
ದೂರದರ್ಶನದ ಕಾಲದ ಲಿಜ್ಜತ್ ಪಾಪಡ್ ಜಾಹೀರಾತಿನ ಮೊಲ ನೆನಪಿದೆಯೇ? ಹಪ್ಪಳ ತಿಂದು ನಗುತ್ತಿದ್ದ ಆ ಮೊಲವನ್ನು ಮರೆತವರು ಕಡಿಮೆ. ಆದರೆ ಅದರ ಹಿಂದಿದ್ದ ಮುಂಬೈನ ರಾಮದಾಸ್ ಪಾಧ್ಯೆ ಅವರ ಹೆಸರು ಮಹಾರಾಷ್ಟ್ರದ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಗೊಂಬೆಯಾಟದವರ ಪಾಡೇ ಹೀಗೆ.

ಪಾಧ್ಯೆ ಅವರದು ಮಾತನಾಡುವ ಗೊಂಬೆಯ ಕಲೆ. ಮರಾಠಿಯಲ್ಲಿ ಇದನ್ನು 'ಶಬ್ದಭ್ರಮ' ಎನ್ನುತ್ತಾರೆ. ಕನ್ನಡಿಗರಿಗೆ ಇಂದುಶ್ರೀ ಮತ್ತು ಅವರ ಡಿಂಕು ಎಂದರೆ ತಟ್ಟನೆ ಅರ್ಥವಾದೀತು. ರಾಮದಾಸ್ ಅವರಿಗೆ ಇದು ತಂದೆ ವೈ.ಕೆ. ಪಾಧ್ಯೆ ಅವರಿಂದ ಬಂದ ವಿದ್ಯೆ. ತಂದೆಯವರ ಪ್ರಸಿದ್ಧ ಗೊಂಬೆ ಅರ್ಧವಟರಾವ್. ಕನ್ನಡದಲ್ಲಿ ಹೇಳುವುದಾದರೆ 'ಅರೆಬೆಂದ ರಾಯರು'. ಅವರ ಹೆಂಡತಿ ಆವಡಾಬಾಯಿ. ಈ ದಂಪತಿಯ ಜಗಳ, ಕೊಂಕು ಮಾತು ಮರಾಠಿ ಮನೆಗಳಲ್ಲಿ ತಲೆಮಾರುಗಳಿಂದ ಪರಿಚಿತ. 1967ರಲ್ಲಿ ವೇದಿಕೆ ಏರಿದ ರಾಮದಾಸ್, ಓದಿದ್ದು ಎಂಜಿನಿಯರಿಂಗ್. ಕಣ್ಣು, ಬಾಯಿ, ಕತ್ತು ಎಲ್ಲವೂ ಹಿಡಿಕೆ, ದಾರಗಳಿಂದ ಅಲುಗಾಡುವ ಗೊಂಬೆ ತಯಾರಿಸುವವರಿಗೆ ಆ ಓದು ದಂಡವಾಗುವಂಥದ್ದಲ್ಲ.

ಕಷ್ಟ ಇರುವುದು ತುಟಿಯಲ್ಲಿ. ಪ, ಬ, ಮ ಅಕ್ಷರಗಳನ್ನು ತುಟಿ ಸೇರಿಸದೆ ಹೇಳಿ ನೋಡಿ, ಆಗುವುದಿಲ್ಲ. ಹಾಗಾಗಿ ಕಲಾವಿದರು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಅದಕ್ಕೆ ಹತ್ತಿರದ ಶಬ್ದ ಹೊರಡಿಸುತ್ತಾರೆ. ಉಳಿದದ್ದನ್ನು ಕೇಳುಗರ ಕಿವಿಯೇ ಸರಿಮಾಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಕೈ ಗೊಂಬೆಯ ಬಾಯನ್ನು ಸರಿಯಾದ ಗಳಿಗೆಗೆ ತೆರೆಯಬೇಕು, ಮುಖ ಮಾತ್ರ ಸುಮ್ಮನೆ ಕೇಳಿಸಿಕೊಳ್ಳುವವನದಾಗಿರಬೇಕು. ಮಾತು ಬಾಯಿ ಅಲುಗುವ ಕಡೆಯಿಂದಲೇ ಬರುತ್ತಿದೆ ಎಂದು ನಮ್ಮ ಕಣ್ಣು ನಂಬಿಸುತ್ತದೆ. ಧ್ವನಿಯನ್ನು ದೂರಕ್ಕೆ 'ಎಸೆಯುತ್ತಾರೆ' ಎಂಬುದು ಬರೀ ಕಟ್ಟುಕತೆ.

ಸಿನಿಮಾದಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. 1993ರಲ್ಲಿ ಮಹೇಶ್ ಕೊಠಾರೆ ನಿರ್ದೇಶಿಸಿದ ಮರಾಠಿ ಚಿತ್ರ 'ಝಪಾಟಲೇಲಾ'ದಲ್ಲಿ ಸಾಯುವ ಪಾತಕಿಯೊಬ್ಬ ಮಂತ್ರಬಲದಿಂದ ಗೊಂಬೆಯೊಳಗೆ ಸೇರಿಕೊಳ್ಳುತ್ತಾನೆ. ಅವನೇ ತಾತ್ಯಾ ವಿಂಚು. ವಿಂಚು ಎಂದರೆ ಚೇಳು. ನಾಯಕ ಲಕ್ಷ್ಮೀಕಾಂತ್ ಬೇರ್ಡೆ. ಪಾತಕಿಯ ಪಾತ್ರವೂ ಗೊಂಬೆಯ ಧ್ವನಿಯೂ ದಿಲೀಪ್ ಪ್ರಭಾವಳಕರ್ ಅವರದು. ಗೊಂಬೆ ಮಾತ್ರ ಪಾಧ್ಯೆ ಅವರದು. ವೇದಿಕೆಯಲ್ಲಿ ಅವರು ಎಲ್ಲರ ಕಣ್ಣೆದುರು ಕೂತು ತಮ್ಮ ಧ್ವನಿಯನ್ನು ಬಚ್ಚಿಡುತ್ತಾರೆ. ಇಲ್ಲಿ ತಾವೇ ಮರೆಯಾಗಬೇಕು, ಧ್ವನಿಯೂ ಇನ್ನೊಬ್ಬರದು. ಉಳಿಯುವುದು ಗೊಂಬೆಯ ಚಲನೆ ಒಂದೇ. ಆ ಚಲನೆಯಲ್ಲಿ ಜೀವ ಇಲ್ಲದಿದ್ದರೆ ಚಿತ್ರವೇ ಇಲ್ಲ.

ಕತೆಗೆ ಹಾಲಿವುಡ್‌ನ 'ಚೈಲ್ಡ್ಸ್ ಪ್ಲೇ' ಪ್ರೇರಣೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮರಾಠಿ ಪ್ರೇಕ್ಷಕರು ತಾತ್ಯಾನನ್ನು ತಮ್ಮೂರಿನ ಖಳನನ್ನಾಗಿಯೇ ಮಾಡಿಕೊಂಡರು. 1995ರಲ್ಲಿ ಅದು 'ಖಿಲೋನಾ ಬನಾ ಖಲ್‌ನಾಯಕ್' ಎಂದು ಹಿಂದಿಗೆ ಹೋಯಿತು. 2013ರಲ್ಲಿ ಎರಡನೇ ಭಾಗ 3ಡಿಯಲ್ಲಿ ಬಂತು.

ಕಂಪ್ಯೂಟರ್‌ನಲ್ಲೇ ಗೊಂಬೆ ಕುಣಿಸುವ ಈ ಕಾಲದಲ್ಲೂ ಪಾಧ್ಯೆ ಕುಟುಂಬ ವೇದಿಕೆ ಬಿಟ್ಟಿಲ್ಲ. ಪತ್ನಿ ಅಪರ್ಣಾ, ಮಕ್ಕಳಾದ ಸತ್ಯಜಿತ್ ಮತ್ತು ಪರೀಕ್ಷಿತ್ ಕೂಡ ಗೊಂಬೆಗಳೊಂದಿಗೆ ಪ್ರದರ್ಶನ ನೀಡುತ್ತಾರೆ. ಅಜ್ಜನ ಕಾಲದ ಅರ್ಧವಟರಾಯರು ಮೊಮ್ಮಕ್ಕಳ ಕಾಲದಲ್ಲೂ ಹಳೆಯ ಠೀವಿಯಲ್ಲೇ ಬಂದು ಕೂರುತ್ತಾರೆ, ಎದುರಿಗಿದ್ದವರ ಕಾಲೆಳೆಯುತ್ತಾರೆ.