ಹೆಸರಿನ ಮುಂದಿನ ಗೌರವ

ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಿಕೆ ಟೈಪ್ ಮಾಡುವ ಕೆಲಸವನ್ನು ಶಾಲೆಯ ಗುರುಗಳು ನನಗೆ ವಹಿಸಿದರು. ಸಂಗೀತ ಕಾರ್ಯಕ್ರಮದ ಪಟ್ಟಿಯಲ್ಲಿ ಗಂಡಸರ ಹೆಸರುಗಳ ಮುಂದೆ ‘ಪಂಡಿತ್’, ‘ಉಸ್ತಾದ್’ ಎಂದು ಹಾಕಿದೆ. ನಮಗೆ ಪ್ರಾರ್ಥನಾ ಗೀತೆ ಕಲಿಸಿದ ಟೀಚರ್ ಹೆಸರು ಬಂದಾಗ ‘ಶ್ರೀಮತಿ’ ಎಂದಷ್ಟೇ ಬರೆದು ಮುಂದೆ ಹೋದೆ. ಆಮೇಲೆ ಅದು ಮನಸ್ಸಿಗೆ ಚುಚ್ಚಿತು. ಈ ಬಿರುದುಗಳ ಇತಿಹಾಸ ಹುಡುಕತೊಡಗಿದೆ.

ನಮ್ಮ ಬೀದರ ಜಿಲ್ಲೆ ಮೂರು ಭಾಷೆ ಕೂಡುವ ನೆಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಕನ್ನಡ ನಾಡಿಗೆ ಸೇರಿತು. ಹಾಡುಗಾರರನ್ನು ಕರೆಯುವ ಮಾತುಗಳೂ ಇಲ್ಲಿ ಮೂರು ಬಗೆ. ಬೀದರ ನಗರದಲ್ಲಿ ‘ಉಸ್ತಾದ್’. ಫಾರ್ಸಿಯಿಂದ ಬಂದ ಈ ಮಾತಿಗೆ ಗುರು ಎಂದರ್ಥ, ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೂಡ ಉಸ್ತಾದನೇ. ಔರಾದ ಕಡೆ ಮರಾಠಿಯ ‘ಬುವಾ’. ಭಾಲ್ಕಿ ಕಡೆ ಪುರಾಣ, ಭಜನೆಗಳಲ್ಲಿ ‘ಗವಾಯಿ’, ಅಂದರೆ ಹಾಡುವವರು. ಗದುಗಿನ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳಿಂದ ಈ ಸರಳ ಮಾತಿಗೆ ಪೂಜ್ಯತೆ ಬಂತು.

ಕುಂದಗೋಳದ ರಾಮಭಾವು ಅವರಿಗೆ ಸಿಕ್ಕ ಬಿರುದು ‘ಸವಾಯಿ ಗಂಧರ್ವ’. ನಾವು ಸಂತೆಯಲ್ಲಿ ‘ಸವ್ವಾ ಕಿಲೋ’ ಎನ್ನುತ್ತೇವಲ್ಲ, ಅದೇ ಸವಾಯಿ. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು! ಅವರ ಶಿಷ್ಯ ಭೀಮಸೇನ ಜೋಶಿ ‘ಪಂಡಿತ್’ ಆದರು. ಅದೇ ಗುರುವಿನ ಶಿಷ್ಯೆ ಗಂಗೂಬಾಯಿ ಹಾನಗಲ್ಲರಿಗೆ 2002ರಲ್ಲಿ ಪದ್ಮವಿಭೂಷಣ ಬಂದರೂ ಜನರ ಬಾಯಲ್ಲಿ ಅವರು ‘ಬಾಯಿ’ಯಾಗಿಯೇ ಉಳಿದರು. ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ್, ಹೆಣ್ಣು ಮಾತ್ರ ಬರೀ ಬಾಯಿ ಎಂದು ಅವರೇ ನೊಂದು ಹೇಳಿದ್ದರು.

ಸಂವಿಧಾನದ 18ನೇ ವಿಧಿಯಂತೆ ಸೈನಿಕ ಮತ್ತು ಶೈಕ್ಷಣಿಕ ಗೌರವಗಳನ್ನು ಬಿಟ್ಟು ಬೇರೆ ಬಿರುದುಗಳನ್ನು ಸರ್ಕಾರ ಕೊಡುವಂತಿಲ್ಲ. ಪದ್ಮ ಪ್ರಶಸ್ತಿಗಳನ್ನೂ ಹೆಸರಿನ ಹಿಂದೆ ಮುಂದೆ ಸೇರಿಸಬಾರದೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಮೇಲೆ ‘ಪಂಡಿತ್’, ‘ಉಸ್ತಾದ್’ ಎಲ್ಲ ಕೇಳುಗರು ಕೊಟ್ಟದ್ದು. ಕೊಡುವಾಗ ತಪ್ಪಿದ್ದರೆ ತಿದ್ದಬೇಕಾದವರೂ ನಾವೇ.

ಟೀಚರಿಗೆ ಫೋನ್ ಮಾಡಿ, “ನಿಮ್ಮ ಹೆಸರಿನ ಮುಂದೆ ವಿದುಷಿ ಅಂತ ಹಾಕಲೇನ್ರಿ?” ಎಂದು ಕೇಳಿದೆ. ಅವರು ನಕ್ಕರು. “ನನಗ ಟೀಚರ್ ಅಂದ್ರ ಸಾಕಪ್ಪ. ಆದ್ರ ಅವರಿಗಿ ಹಾಕೀದಿ ಅಂದ್ರ ನನಗೂ ಹಾಕು” ಎಂದರು.

ಆಮಂತ್ರಣ ಪತ್ರಿಕೆಯಲ್ಲಿ ಈಗ ‘ವಿದುಷಿ’ ಎಂದಿದೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ನಾನು ಸಲ್ಲಿಸುವ ಚಿಕ್ಕ ಗುರುದಕ್ಷಿಣೆ ಇದು.